ಹೋನ್ ಮತ್ತು ಸಾಣೆ

ಆಂಗ್ಲ ಭಾಷೆಯಲ್ಲಿ ಹರಿತಗೊಳಿಸುವುದಕ್ಕೆ ‘ಹೋನ್’ ಎಂಬ ಶಬ್ದವುಂಟು. ಕ್ಷೌರದ ಕತ್ತಿಗೂ ಬುದ್ಧಿಕೌಶಲಕ್ಕೂ ಸಲ್ಲುವ ಈ ಕ್ರಿಯಾಪದವು ಮೊದಲು ನಾಮಪದವಾಗಿತ್ತು. ಪ್ರಾಚೀನ ಆಂಗ್ಲದಲ್ಲಿ ‘ಹಾನ್’ ಎಂದರೆ ಕಲ್ಲು.

1786ರಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಮೂಲವೊಂದೇ ಇರಬೇಕೆಂದು ಕಲ್ಕತ್ತೆಯಲ್ಲಿ ಸಾರಿದನು. ಮೂಲಭಾಷೆಯ ಶಬ್ದಾದಿಯ ಕಕಾರವು ಜರ್ಮಾನಿಕ್ ಶಾಖೆಯಲ್ಲಿ ಹಕಾರವಾಗುವ ನಿಯಮವನ್ನು 1822ರಲ್ಲಿ ಯಾಕೋಬ್ ಗ್ರಿಮ್ ಪಂಡಿತನು ವಿವರಿಸಿದನು. ಇಂಥ ಶಬ್ದಗಳಲ್ಲಿ ಅದೇ ವರ್ಣವು ಸಂಸ್ಕೃತದಲ್ಲಿ ಶಕಾರವಾಯಿತು. ಆದುದರಿಂದ ಲ್ಯಾಟಿನ್ನಿನ ‘ಕೋಸ್’, ಆಂಗ್ಲದ ‘ಹೋನ್’, ‘ಶೋ’ ಧಾತುವಿನಿಂದ ಹುಟ್ಟಿದ ‘ಶಾಣ’ ಇವು ಒಂದೇ ಕುಲದವು.

ಆಂಗ್ಲವು ಸಂಸ್ಕೃತದ ಮಗಳೆಂದು ಹಿಗ್ಗುವುದು ಸಲ್ಲದು, ಸೋದರಿಯರೆನ್ನುವುದೇ ಯುಕ್ತ. ಕನ್ನಡವಾದರೋ ಬೇರೆ ಮನೆಯದು. ಆದರೂ ‘ಶಾಣ’ವನ್ನು ‘ಸಾಣೆ’ಯೆಂದು ತನ್ನದಾಗಿಸಿಕೊಂಡು, ಅದರ ಮೇಲೆ ಕತ್ತಿಯನ್ನು ಮಸೆಯುವುದರ ಜೊತೆಗೆ ಗಂಧವನ್ನೂ ತೇಯುತ್ತಿದೆ.