ಖಾಕಿ ತೊಟ್ಟ ಮೇಷ್ಟ್ರು

ಭಾಗ 1

ಫೋಟೋದಲ್ಲಿರೋದು ಒಂದು ಸ್ಟಾಕ್ ರಿಜಿಸ್ಟರ್. ನಮ್ಮ ಕಾಲೇಜಿನ ಎನ್‌ಸಿಸಿ ರೂಮಿನ ಬೀರುವಿನಲ್ಲಿತ್ತು. ಕಳೆದ ಶನಿವಾರ ಪೆರೇಡ್ ಮುಗಿದ ಮೇಲೆ ತೆಗೆದ ಫೋಟೋ. ಬೆರೆಟ್ ಕ್ಯಾಪ್ ಎಷ್ಟು, ಬೆಲ್ಟ್ ಎಷ್ಟು, ಬೂಟು ಎಷ್ಟು ಜೋಡಿ, ಯಾರಿಗೆ ಕೊಟ್ಟಿದ್ದು, ಯಾರು ವಾಪಸ್ ತಂದರು, ಎಲ್ಲಾ ಇದೆ. ಕೆಲವು ಸಾಲಿನ ಎದುರಿಗೆ ಕೆಂಪು ಇಂಕಿನಲ್ಲಿ ‘ಸ್ವಂತ’ ಅಂತ ಬರೆದಿದೆ. ಏನಿದು ಅಂತ ಕೇಳಿದೆ. ಯಾರೋ ಕೆಡೆಟ್ ಬೆಲ್ಟ್ ಕಳೆದುಕೊಂಡು ಡಿಗ್ರಿ ಮುಗಿಸಿ ಹೋಗಿಬಿಟ್ಟರೆ ಅದರ ದುಡ್ಡು ಸರ್ ಜೇಬಿಂದ ಅಂತೆ. ಬಿಕಾಂ ಓದೋ ನಮಗೆ ಲೆಕ್ಕ ಟ್ಯಾಲಿ ಆಗದಿದ್ರೆ ಸಸ್ಪೆನ್ಸ್ ಅಕೌಂಟ್ ಅಂತ ಒಂದು ದಾರಿ ಇದೆ. ಸರ್‌ಗೆ ಅದೂ ಇಲ್ಲ.

ಸರ್ ಅಂದ್ರೆ ನಮ್ಮ ಎಎನ್‌ಓ, ಅಸೋಸಿಯೇಟ್ ಎನ್‌ಸಿಸಿ ಆಫೀಸರ್. ಬೆಳಿಗ್ಗೆ ಕ್ಲಾಸಿನಲ್ಲಿ ಅರ್ಥಶಾಸ್ತ್ರ, ಶನಿವಾರ ಮೈದಾನದಲ್ಲಿ ಸಾವಧಾನ್-ವಿಶ್ರಾಮ್. ಬರೋ ಮೇ ತಿಂಗಳಲ್ಲಿ ರಿಟೈರ್ ಆಗ್ತಿದ್ದಾರೆ. ಅವರ ಜಾಗಕ್ಕೆ ಯಾರೂ ಸಿಕ್ಕಿಲ್ಲ. ಯಾರೂ ಸಿಗದಿದ್ರೆ ನಮ್ಮ ಎನ್‌ಸಿಸಿಯನ್ನ ಬೇರೆ ಕಾಲೇಜಿಗೆ ಕೊಟ್ಟುಬಿಡಬಹುದು ಅನ್ನೋ ಮಾತು ಓಡಾಡ್ತಿದೆ. (ಕಾಲೇಜಿನ ಹೆಸರು ಬರೆಯಲ್ಲ, ಕೇಳಬೇಡಿ. ನಮ್ಮವರಿಗೆ ಹೇಗೂ ಗೊತ್ತು.)

ಎನ್‌ಸಿಸಿ ಚರಿತ್ರೆ ಅಂತ ಹುಡುಕಿದ್ರೆ ಸಿಗೋದು ಬರೀ ಪ್ರಧಾನಿಗಳು, ಯುದ್ಧಗಳು, ದೆಹಲಿಯ ಕಾರಿಯಪ್ಪ ಪೆರೇಡ್ ಗ್ರೌಂಡ್. ಕೊಡಗಿನ ಕಾರಿಯಪ್ಪನವರ ಹೆಸರು ಅಲ್ಲಿರೋದು ನಮಗೆ ಹೆಮ್ಮೆ, ಅದು ಬೇರೆ ವಿಷಯ. ಆದ್ರೆ ಈ ರಿಜಿಸ್ಟರ್ ಬರೆಯೋ ಮೇಷ್ಟ್ರುಗಳ ಚರಿತ್ರೆಯನ್ನ ಯಾರೂ ಪೋಸ್ಟ್ ಮಾಡಿದ್ದು ನಾನು ನೋಡಿಲ್ಲ. ಅದಕ್ಕೇ ಈ ಸೀರೀಸ್.

ಭಾಗ 2

ಸ್ವಲ್ಪ ಹಿಂದೆ ಹೋಗೋಣ. ಮೊದಲನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟಿಷರಿಗೆ ಸೈನ್ಯದಲ್ಲಿ ಜನ ಸಾಲದೆ ಬಂತು. 1917ರಲ್ಲಿ ‘ಯೂನಿವರ್ಸಿಟಿ ಕೋರ್’ ಶುರು ಮಾಡಿದರು. 1920ರಲ್ಲಿ ಅದು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯ್ತು, 1942ರಲ್ಲಿ ಇನ್ನೊಂದು ಯುದ್ಧದ ಮಧ್ಯೆ ಯೂನಿವರ್ಸಿಟಿ ಆಫೀಸರ್ಸ್ ಟ್ರೈನಿಂಗ್ ಕೋರ್ ಅಂತ ಹೆಸರು ಬದಲಾಯ್ತು. ಪ್ರತಿ ಸಲ ಹೆಸರು ಉದ್ದ ಆಯ್ತೇ ಹೊರತು ಅದರಿಂದ ಅಂದುಕೊಂಡಷ್ಟು ಕೆಲಸ ಆಗ್ಲಿಲ್ಲ.

1946ರಲ್ಲಿ ಪಂಡಿತ್ ಹೃದಯನಾಥ್ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಶಾಲೆ-ಕಾಲೇಜು ಎರಡಕ್ಕೂ ಸೇರಿ ದೇಶಕ್ಕೆಲ್ಲ ಒಂದೇ ಕೆಡೆಟ್ ಸಂಸ್ಥೆ ಬೇಕು ಅಂತ ಆ ಸಮಿತಿ ಹೇಳಿತು. 1948ರ ಏಪ್ರಿಲ್ 16ಕ್ಕೆ ನ್ಯಾಷನಲ್ ಕೆಡೆಟ್ ಕೋರ್ ಕಾಯ್ದೆಗೆ ಅಂಕಿತ ಬಿತ್ತು, ಜುಲೈನಲ್ಲಿ ಎನ್‌ಸಿಸಿ ಶುರುವಾಯ್ತು. ಮರುವರ್ಷವೇ, ಅಂದ್ರೆ 1949ರಲ್ಲಿ ಹುಡುಗಿಯರ ವಿಭಾಗ, 1950ರಲ್ಲಿ ಏರ್ ವಿಂಗ್, 1952ರಲ್ಲಿ ನೇವಲ್ ವಿಂಗ್ ಬಂದವು.

ನಾನು ಹೇಳಬೇಕಿದ್ದ ವಿಷಯ ಆ ಕಾಯ್ದೆಯಲ್ಲಿದೆ. ಚಿಕ್ಕ ಕಾಯ್ದೆ ಅದು, ನಮ್ಮ ಕಂಪನಿ ಲಾ ಥರ ಅಲ್ಲ, ಒಂದು ಟೀ ಕುಡಿಯೋದ್ರೊಳಗೆ ಓದಿ ಮುಗಿಸಬಹುದು. ಅದರಲ್ಲಿ ಎರಡು ಮಾತು ನನಗೆ ಮುಖ್ಯ ಅನ್ನಿಸ್ತು. ಒಂದು, ಎನ್‌ಸಿಸಿ ಸೇರಿದ ಮಾತ್ರಕ್ಕೆ ಯಾರನ್ನೂ ಯುದ್ಧದ ಸೇವೆಗೆ ಒತ್ತಾಯ ಮಾಡೋ ಹಾಗಿಲ್ಲ. ಎರಡನೇದು, ಎನ್‌ಸಿಸಿಯ ಅಧಿಕಾರಿಗಳನ್ನ ಶಾಲೆ ಮತ್ತು ವಿಶ್ವವಿದ್ಯಾಲಯಗಳ ಸಿಬ್ಬಂದಿಯಿಂದಲೇ ನೇಮಿಸಬಹುದು. ಅಂದ್ರೆ ಇದು ಸೈನ್ಯದ ಮರಿ ಅಲ್ಲ, ಇದನ್ನ ನಡೆಸೋರು ಮೇಷ್ಟ್ರುಗಳು ಅಂತ ಮೊದಲ ದಿನವೇ ಬರೆದಿಟ್ಟಿದ್ದರು. ಅದೇ 1948ರಲ್ಲಿ ಬ್ರಿಟನ್‌ನಲ್ಲೂ ಶಾಲೆಗಳ ಕೆಡೆಟ್ ದಳಗಳನ್ನೆಲ್ಲ ಒಟ್ಟುಗೂಡಿಸಿ ಕಂಬೈನ್ಡ್ ಕೆಡೆಟ್ ಫೋರ್ಸ್ ಮಾಡಿದರು. ಅಲ್ಲೂ ಭುಜಕ್ಕೆ ನಕ್ಷತ್ರ ಹಾಕ್ಕೊಂಡು ನಿಂತವರು ಅದೇ ಶಾಲೆಯ ಟೀಚರ್‌ಗಳೇ.

ಭಾಗ 3

ಸೀಮೆಸುಣ್ಣ ಹಿಡಿದ ಕೈಗೆ ರೈಫಲ್ ಕೊಟ್ಟರೆ ಆಗುತ್ತಾ? ಕಲಿಸಬೇಕಲ್ಲ. ಅದಕ್ಕೆ ನಾಗಪುರದ ಹತ್ತಿರ ಕಾಂಪ್ಟಿಯಲ್ಲಿ ಒಂದು ಅಕಾಡೆಮಿ ಇದೆ, ಮೇಷ್ಟ್ರುಗಳಿಗಂತಲೇ. ಶುರುವಾಗಿದ್ದು 1957ರಲ್ಲಿ, ಮಹಾರಾಷ್ಟ್ರದ ಪುರಂದರ ಕೋಟೆಯಲ್ಲಿ, ಆಮೇಲೆ ಕಾಂಪ್ಟಿಗೆ ಹೋಯ್ತು. ಮೇಡಂಗಳಿಗೆ ಗ್ವಾಲಿಯರ್. ಬಿಳಿ ಕೂದಲು ಬಂದ ಲೆಕ್ಚರರ್‌ಗಳೂ ಅಲ್ಲಿ ಬೆಳಗಿನ ಜಾವ ಓಡಬೇಕು, ಹಾಸಿಗೆ ಮಡಚಬೇಕು, ಬೂಟು ಹೊಳೆಸಬೇಕು. ಮುಗಿಸಿ ಬಂದರೆ ಕಾಲೇಜಿನವರು ಲೆಫ್ಟಿನೆಂಟ್, ಹೈಸ್ಕೂಲಿನವರು ಥರ್ಡ್ ಆಫೀಸರ್. ನಮ್ಮ ಸರ್ ಅಲ್ಲಿ ಮೊದಲ ವಾರ ಅಳುವಷ್ಟು ಕಾಲು ನೋವು ತಿಂದರಂತೆ. ‘ಇಂಡಿಫರೆನ್ಸ್ ಕರ್ವ್ ಪಾಠ ಮಾಡೋನಿಗೆ ಕ್ರಾಲಿಂಗ್ ಯಾಕಪ್ಪಾ ಅಂತ ಅನ್ನಿಸಿತ್ತು’ ಅಂತ ಈಗ ನಗ್ತಾರೆ.

ತರಬೇತಿಗೆ ಹೋಗದೆ ಜವಾಬ್ದಾರಿ ಹೊತ್ತವರಿಗೆ ‘ಕೇರ್‌ಟೇಕರ್’ ಅಂತಾರೆ. ನಕ್ಷತ್ರ ಇಲ್ಲ, ಕೆಲಸ ಅಷ್ಟೇ.

ಡ್ರಿಲ್ಲು, ಆಯುಧ ತರಬೇತಿ ಮಾಡಿಸೋರು ಬೇರೆ: ಬೆಟಾಲಿಯನ್‌ನಿಂದ ಬರೋ ಪಿಐ ಸ್ಟಾಫ್, ಅಂದ್ರೆ ಸೇವೆಯಲ್ಲಿರೋ ಹವಾಲ್ದಾರ್, ಸುಬೇದಾರ್‌ಗಳು. ಅವರು ಎರಡು-ಮೂರು ವರ್ಷ ಇರ್ತಾರೆ, ಪೋಸ್ಟಿಂಗ್ ಬಂತು ಅಂದ್ರೆ ಹೊರಟ್ರು. ಮೇಲಿರೋ ಕಮಾಂಡಿಂಗ್ ಆಫೀಸರ್ ಕೂಡ ಹಾಗೇ. ಪ್ರಿನ್ಸಿಪಾಲ್‌ಗೂ ಟ್ರಾನ್ಸ್‌ಫರ್ ಆಗುತ್ತೆ. ಬ್ಯಾಚ್ ಮೇಲೆ ಬ್ಯಾಚ್ ಹೋದ್ರೂ ಅಲ್ಲೇ ಉಳಿಯೋ ಮನುಷ್ಯ ಎಎನ್‌ಓ ಒಬ್ಬರೇ. ಒಂದು ಪೂರ್ತಿ ಕಂಪನಿ ಅಂದ್ರೆ 160 ಕೆಡೆಟ್‌ಗಳು. ಅಷ್ಟೂ ಜನರ ಎನ್‌ರೋಲ್‌ಮೆಂಟ್ ಫಾರಂ, ಹಾಜರಿ, ಬ್ಯಾಂಕ್ ಖಾತೆ ನಂಬರ್, ಕ್ಯಾಂಪ್‌ಗೆ ಮೆಡಿಕಲ್, ತಂದೆ-ತಾಯಿಯ ಒಪ್ಪಿಗೆ ಪತ್ರ, ರೈಲಲ್ಲಿ ಜೊತೆಗೆ ಹೋಗೋದು. ‘ಬಿ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರೋಕೆ ಶೇ. 75 ಹಾಜರಿ ಬೇಕಲ್ಲ, ಆ ಪುಸ್ತಕ ಇಟ್ಟೋರು ಯಾರು ಅಂದುಕೊಂಡಿದ್ರಿ?

ಭಾಗ 4

ಒಪ್ಪಿಗೆ ಪತ್ರ ಅಂದೆನಲ್ಲ, ಅದರ ಕಥೆ ಹೇಳ್ತೀನಿ.

ನಮ್ಮ ಮನೆ ಇರೋದು ಬಿಡದಿ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ವಠಾರದಲ್ಲಿ. ಟೊಯೊಟಾ ಇಲ್ಲಿ ಕ್ವಾಲಿಸ್ ಮಾಡೋಕೆ ಶುರು ಮಾಡಿದ ಮೇಲೆ ಸುತ್ತಮುತ್ತ ಬಿಡಿಭಾಗದ ಫ್ಯಾಕ್ಟರಿಗಳು ಬಂದವಲ್ಲ, ಅಂಥದ್ದೊಂದರಲ್ಲಿ ಅಪ್ಪ ಆಪರೇಟರ್. ವಾರ ವಾರ ಶಿಫ್ಟ್ ಬದಲಾಗುತ್ತೆ. ಇಲ್ಲಿನ ಮಕ್ಕಳಿಗೆ ಅಪ್ಪ ಸಿಗೋದೇ ಕ್ಯಾಲೆಂಡರ್ ನೋಡಿಕೊಂಡು. ಫಸ್ಟ್ ಇಯರ್‌ನಲ್ಲಿ ಹತ್ತು ದಿನದ ಕ್ಯಾಂಪ್ ಬಂತು. ಹುಡುಗೀನ ಹತ್ತು ದಿನ ಹೊರಗೆ ಕಳಿಸಲ್ಲ ಅಂತ ಅಪ್ಪ ಫಾರಂ ಮೇಜಿನ ಮೇಲೆ ಇಟ್ಟರು, ಅದು ಮೂರು ದಿನ ಅಲ್ಲೇ ಇತ್ತು.

ಸರ್‌ಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಫಸ್ಟ್ ಶಿಫ್ಟ್ ಬಿಡೋ ಹೊತ್ತಿಗೆ ಫ್ಯಾಕ್ಟರಿ ಗೇಟ್ ಎದುರಿನ ಟೀ ಅಂಗಡಿಯಲ್ಲಿ ಹೋಗಿ ನಿಂತಿದ್ದಾರೆ. ಜೊತೆಗೆ ನಮ್ಮ ಅತಿಥಿ ಉಪನ್ಯಾಸಕಿ ಮೇಡಂ, ಹುಡುಗಿಯರ ಜೊತೆ ಕ್ಯಾಂಪ್‌ಗೆ ಬರೋರು ಅವರೇ. ಅಪ್ಪ ಆಮೇಲೆ ಅಮ್ಮನ ಹತ್ರ ಹೇಳಿದ್ದು ಕೇಳಿಸ್ಕೊಂಡೆ.

‘ಸಾರ್, ಹೆಣ್ಣುಮಗು, ಹೆಂಗೆ ಕಳಿಸ್ಲಿ ಅಂದೆ. ಅದಕ್ಕೆ ಅವರು, ನನ್ನ ನಂಬರ್ ಬರ್ಕೊಳ್ಳಿ, ಮೇಡಂ ನಂಬರೂ ಬರ್ಕೊಳ್ಳಿ, ದಿನಾ ರಾತ್ರಿ ಊಟ ಆದ್ಮೇಲೆ ಫೋನ್ ಬರುತ್ತೆ, ಬರ್ದಿದ್ರೆ ನೀವೇ ಮಾಡಿ ಬೈರಿ ಅಂದ್ರು. ಇನ್ನೇನ್ ಮಾತಾಡ್ಲಿ?’

ಟೀ ಅಂಗಡಿ ಬೆಂಚಿನ ಮೇಲೇ ಸಹಿ ಆಯ್ತು. ಫಾರಂ ಮೇಲೆ ಗ್ಲಾಸಿನ ಉಂಗುರದ ಕಲೆ ಇತ್ತು. ಕ್ಯಾಂಪ್‌ನಲ್ಲಿ ಹತ್ತೂ ದಿನ ಫೋನ್ ಹೋಯ್ತು, ಒಂದು ದಿನ ನೆಟ್‌ವರ್ಕ್ ಇಲ್ಲದೆ ರಾತ್ರಿ ಹತ್ತೂವರೆಗೆ. ಅಷ್ಟೊತ್ತಿಗೆ ಅಪ್ಪ ಎರಡು ಸಲ ಫೋನ್ ಮಾಡಿ ಬೈಯ್ಯೋಕೆ ರೆಡಿಯಾಗಿದ್ದರಂತೆ.

ಭಾಗ 5

ಮೇಷ್ಟ್ರುಗಳಿಲ್ಲದೆ ಎನ್‌ಸಿಸಿ ನಡೆಯುತ್ತಾ ಅನ್ನೋದನ್ನ ದೇಶ ಒಂದು ಸಲ ದೊಡ್ಡದಾಗಿ ನೋಡಿದೆ. 1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿದರು. ನನ್ನ ಚಿಕ್ಕ ತಾತ ಆಗ ಮೈಸೂರಿನಲ್ಲಿ ಓದ್ತಿದ್ದರು. ಸಾಲಲ್ಲಿ ಎಷ್ಟು ಜನ ಇದ್ದೀವಿ ಅಂತ ಯಾರಿಗೂ ಲೆಕ್ಕ ಸಿಗ್ತಿರಲಿಲ್ಲ, ಬೂಟಿನ ಸೈಜ್ ಸಿಕ್ಕಿದವನೇ ಅದೃಷ್ಟವಂತ ಅಂತ ಹೇಳ್ತಾರೆ. ಹುಡುಗರನ್ನ ಒಂದು ಆದೇಶದಲ್ಲಿ ಸೇರಿಸಬಹುದು. ತರಬೇತಾದ ಅಧಿಕಾರಿಗಳು ಒಂದು ಆದೇಶಕ್ಕೆ ಹುಟ್ಟಲ್ಲ, ಸಾಕಾಗಲೂ ಇಲ್ಲ. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಮಾತ್ರ ಅಂತಾಯ್ತು. ಮರುವರ್ಷ ಎನ್‌ಎಸ್‌ಎಸ್ ಬಂತು. ಎನ್‌ಎಸ್‌ಎಸ್ ಗೆಳೆಯರೇ, ನೀವು ಬಂದದ್ದು ಹೀಗೆ!

ಈಗ ಮತ್ತೆ ವಿಸ್ತರಣೆಯ ಕಾಲ. ಇನ್ನೂ 3 ಲಕ್ಷ ಕೆಡೆಟ್‌ಗಳನ್ನ ಸೇರಿಸಿ ಒಟ್ಟು 20 ಲಕ್ಷ ಮಾಡೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ, ತರಬೇತಿಗೆ ಮಾಜಿ ಸೈನಿಕರನ್ನ ತಗೊಳ್ತಾರಂತೆ. ಒಳ್ಳೇದೇ. ಬಿಡದಿಯ ಫ್ಯಾಕ್ಟರಿ ಗೇಟ್‌ಗಳಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತಿರೋ ಮಾಜಿ ಹವಾಲ್ದಾರ್‌ಗಳನ್ನ ನಾನೇ ನೋಡಿದ್ದೀನಿ. ಅವರ ಸೆಲ್ಯೂಟ್ ನೋಡಿದ್ರೆ ನಮ್ಮದು ನಾಚಿಕೆ ಆಗುತ್ತೆ. ಡ್ರಿಲ್ಲನ್ನ ಅವರಿಗಿಂತ ಚೆನ್ನಾಗಿ ಯಾರೂ ಕಲಿಸಲ್ಲ. ಆದ್ರೆ ಇಂಟರ್ನಲ್ಸ್ ದಿನವೇ ಕ್ಯಾಂಪ್ ಬಿದ್ರೆ ಡಿಪಾರ್ಟ್‌ಮೆಂಟ್ ಜೊತೆ ಜಗಳ ಆಡಿ ಮರುಪರೀಕ್ಷೆ ಕೊಡಿಸೋಕೆ, ಯಾವ ಹುಡುಗಿ ಮೂರು ವಾರದಿಂದ ಪೆರೇಡ್‌ಗೆ ಬಂದಿಲ್ಲ ಯಾಕೆ ಅಂತ ತಿಳಿಯೋಕೆ, ಕಾಲೇಜಿನ ಒಳಗಿನವರೇ ಬೇಕು. ವಾರವೆಲ್ಲ ಅವಳನ್ನ ಕ್ಲಾಸಿನಲ್ಲಿ ನೋಡೋರು ಬೇಕು.

ಮತ್ತೆ ಒಳಗಿನವರು ಎಲ್ಲಿದ್ದಾರೆ? ನಮ್ಮ ಡಿಗ್ರಿ ಕಾಲೇಜುಗಳು ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. ನಮ್ಮ ಮೇಡಂ ಎಎನ್‌ಓ ಆಗೋಕೆ ಸಿದ್ಧ, ಗ್ವಾಲಿಯರ್‌ಗೂ ಹೋಗ್ತೀನಿ ಅಂತಾರೆ. ಆದ್ರೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಕೆಲಸ ಉಳಿಸ್ಕೊಳ್ಳೋರನ್ನ ತಿಂಗಳುಗಟ್ಟಲೆ ತರಬೇತಿಗೆ ಯಾರು ಕಳಿಸ್ತಾರೆ? ಬಂದ ಮೇಲೆ ಕೆಲಸ ಇರುತ್ತೆ ಅಂತ ಯಾರು ಬರೆದುಕೊಡ್ತಾರೆ? ಕಾಯಂ ಇರೋ ಇಬ್ಬರಲ್ಲಿ ಒಬ್ಬರಿಗೆ ರಿಟೈರ್‌ಮೆಂಟ್ ಹತ್ತಿರ, ಇನ್ನೊಬ್ಬರು ಬೆಂಗಳೂರಿಂದ ದಿನಾ ಓಡಾಡ್ತಾರೆ, ಮನೇಲಿ ಚಿಕ್ಕ ಮಗು. ಅವರನ್ನ ಬೈಯ್ಯೋಕೆ ನನಗೆ ಮನಸ್ಸು ಬರಲ್ಲ. ಶನಿವಾರ, ಭಾನುವಾರ, ಕ್ಯಾಂಪು, ಜೊತೆಗೆ ‘ಸ್ವಂತ’ ಅಂತ ಕೆಂಪು ಇಂಕಿನ ಸಾಲುಗಳು. ಎದುರಿಗೆ ಸಿಗೋದು ಒಂದು ಸಣ್ಣ ಗೌರವಧನ. 1948ರ ಕಾಯ್ದೆ ಬರೆದವರು ಪ್ರತಿ ಕಾಲೇಜಿನಲ್ಲೂ ಕಾಯಂ ಮೇಷ್ಟ್ರು ಇದ್ದೇ ಇರ್ತಾರೆ ಅಂದುಕೊಂಡಿದ್ದರು ಅನ್ಸುತ್ತೆ.

ನಿಮ್ಮ ಕಾಲೇಜಲ್ಲಿ ಎಎನ್‌ಓ ಯಾರು, ತರಬೇತಾದವರಾ ಇಲ್ಲ ಕೇರ್‌ಟೇಕರ್ರಾ, ಒಂದು ಸಲ ಕೇಳಿ ನೋಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರು ನನಗೆ ಮೆಸೇಜ್ ಮಾಡಿದ್ರೂ ಆಗುತ್ತೆ. ನಾವು ಕೆಲವರು ಸೇರಿ ಪ್ರಿನ್ಸಿಪಾಲರಿಗೆ ಒಂದು ಮನವಿ ಬರೀತಿದ್ದೀವಿ, ಮೇಡಂ ಅವರನ್ನ ಸದ್ಯಕ್ಕೆ ಕೇರ್‌ಟೇಕರ್ ಆಗಿಯಾದ್ರೂ ಮುಂದುವರಿಸಿ ಅಂತ.

ಕೊನೇ ಫೋಟೋ ಮೊನ್ನೆಯದ್ದು. ಮೇಡಂ ನೆಲದ ಮೇಲೆ ಕೂತು ಹಳೇ ರಿಜಿಸ್ಟರ್‌ನಿಂದ ಹೊಸದಕ್ಕೆ ನಕಲು ಮಾಡ್ಕೊಳ್ತಿದ್ದಾರೆ, ಸರ್ ಪಕ್ಕದಲ್ಲಿ ನಿಂತು ಬೆರೆಟ್ ಎಣಿಸ್ತಿದ್ದಾರೆ. ಎರಡು ಕಮ್ಮಿ ಬಂತು. ಸರ್ ಮತ್ತೆ ಮೊದಲಿಂದ ಎಣಿಸಿದರು. ಆಗಲೂ ಎರಡು ಕಮ್ಮಿ. ಮೇಡಂ ಪರ್ಸಿನಿಂದ ಕೆಂಪು ಪೆನ್ನು ತೆಗೆದರು.

#ಎನ್‌ಸಿಸಿ #ಎಎನ್‌ಓ #ಬಿಡದಿ #ರಾಮನಗರ #ನಮ್ಮಮೇಷ್ಟ್ರು