ಸೀ ಯಪ್ ಕೂನ್ ಮಂದಿರ ಮತ್ತು ದೇವಲಿ ಶಿಬಿರ

ಮುಂಬಯಿಯ ಮಜಗಾಂವಿನ ನವಾಬ್ ಟ್ಯಾಂಕ್ ರಸ್ತೆಯ ಈ ಮಂದಿರ 1919ರದ್ದು. ಹಡಗುಗಳಲ್ಲಿ ದುಡಿಯುತ್ತ ಬಂದು ಬಂದರಿನ ಬಳಿ ನೆಲೆ ನಿಂತ ಕ್ಯಾಂಟನ್ ಸೀಮೆಯ ಚೀನೀಯರು ಕಟ್ಟಿಕೊಂಡದ್ದು. ಮೇಲಂತಸ್ತಿನಲ್ಲಿ ಕೆಂಪು, ಬಂಗಾರದ ಬಣ್ಣಗಳ ನಡುವೆ ಕ್ವಾನ್ ಕುಂಗ್ ದೇವರು. ಮುಂದೆ ಊದುಬತ್ತಿ, ಭವಿಷ್ಯ ಕೇಳುವ ಕಡ್ಡಿಗಳು. ಒಂದು ಕಾಲಕ್ಕೆ ಸುತ್ತ ಚೀನೀ ಕೇರಿಯೇ ಇತ್ತು. ಈಗ ಉಳಿದಿರುವವು ಕೆಲವೇ ಮನೆಗಳು.

1962ರ ಭಾರತ-ಚೀನಾ ಯುದ್ಧ ಎಲ್ಲವನ್ನೂ ಬದಲಿಸಿತು. ಗೂಢಚಾರರೆಂಬ ಶಂಕೆಯಿಂದ ದೇಶದಾದ್ಯಂತ ಚೀನೀ ಮೂಲದವರ ಮೇಲೆ ಪೊಲೀಸ್ ಕಣ್ಗಾವಲು ಬಿತ್ತು. ಸುಮಾರು 3,000 ಮಂದಿಯನ್ನು, ಹೆಚ್ಚಾಗಿ ಅಸ್ಸಾಂ, ಡಾರ್ಜಿಲಿಂಗ್ ಕಡೆಯವರನ್ನು, ವಿಚಾರಣೆಯೇ ಇಲ್ಲದೆ ರೈಲು ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ಯಲಾಯಿತು. ಅವರಲ್ಲಿ ಮುದುಕರಿದ್ದರು, ಹಸುಗೂಸುಗಳಿದ್ದವು. ಕೂಸು ಯಾವ ಗೂಢಚರ್ಯೆ ನಡೆಸೀತು? 1963ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮದರಾಸಿನಿಂದ ಚೀನಾಕ್ಕೆ ಹಡಗು ಹತ್ತಿದರು. ಹಲವರು ಆ ದೇಶವನ್ನು ಕಂಡವರೇ ಅಲ್ಲ. ಶಿಬಿರದಲ್ಲಿ ಉಳಿದವರ ಪೈಕಿ ಕೊನೆಯವರಿಗೆ ಬಿಡುಗಡೆಯಾದದ್ದು 1967ರಲ್ಲಿ.

ಕೆನಡಾದಲ್ಲಿ ನೆಲೆಸಿದ ಮಾಜಿ ಬಂಧಿಗಳು 2010ರಲ್ಲಿ ಸಂಘ ಕಟ್ಟಿದರು. 2017ರಲ್ಲಿ ಒಟ್ಟಾವಾದ ಭಾರತೀಯ ಹೈಕಮಿಷನ್ ಎದುರು ನಿಂತು, ಭಾರತ ತಮ್ಮ ಕ್ಷಮೆ ಕೇಳಬೇಕೆಂದು ಒತ್ತಾಯಿಸಿದರು. ಅದೇ ಊರಿನಲ್ಲಿ 2003ರ ರಾಜಘೋಷಣೆಯೊಂದು, 1755ರಿಂದ ಬ್ರಿಟಿಷರು ಗಡೀಪಾರು ಮಾಡಿದ, ಫ್ರೆಂಚ್ ಮೂಲದ ಅಕೇಡಿಯನ್ನರ ಸಂಕಟವನ್ನು ಒಪ್ಪಿಕೊಂಡು ಜುಲೈ 28ನ್ನು ಸ್ಮರಣೆಯ ದಿನವೆಂದು ಸಾರಿತ್ತು. ತಡವಾದರೂ ಆಯಿತು.

ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ ಮತ್ತು ಮುಂಬಯಿಯ ಲೇಖಕ ದಿಲೀಪ್ ಡಿಸೋಜಾ 2020ರಲ್ಲಿ ಈ ಕಥೆಗಳನ್ನು ಪುಸ್ತಕವಾಗಿಸಿದರು. ಭಾರತ ಸರ್ಕಾರ ಈವರೆಗೆ ಕ್ಷಮೆ ಕೇಳಿಲ್ಲ.