ಮಸೀದಿಗಳು ಕಾಪಾಡಿದ ರತ್ನಗಂಬಳಿಗಳು

ತುರ್ಕಿಯ ಹಳೆಯ ರತ್ನಗಂಬಳಿಗಳನ್ನು ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ತೂಗುಹಾಕಿದ್ದಾರೆ. ಅವುಗಳ ಬಣ್ಣ, ಕುಸುರಿಯನ್ನು ಕಂಡವರು ಇವು ಸುಲ್ತಾನರ ಅರಮನೆಯಿಂದ ಬಂದಿರಬೇಕೆಂದು ಭಾವಿಸುವುದು ಸಹಜ. ಆದರೆ ಆ ನಾಡಿನಲ್ಲಿ ಉಳಿದುಕೊಂಡಿರುವ ಅತ್ಯಂತ ಹಳೆಯ ಗಾಲೀಚೆಗಳು ಸಿಕ್ಕಿದ್ದು ಅರಮನೆಗಳಲ್ಲಲ್ಲ, ಮಸೀದಿಗಳಲ್ಲಿ. ಅವು ಏಳು ಶತಮಾನ ಉಳಿದುದಕ್ಕೆ ಕಾರಣ ಯಾವ ರಾಜನ ಖಜಾನೆಯೂ ಅಲ್ಲ. ಅಲ್ಲಾಹನ ಮನೆಗೆ ಕೊಟ್ಟ ವಸ್ತು ಅಮಾನತ್ತು ಎಂಬ ಜನರ ನಂಬಿಕೆಯೇ ಅವುಗಳನ್ನು ಕಾಪಾಡಿತು.

ಕೊನ್ಯಾ ನಗರವು ಅನಾತೋಲಿಯಾದ ಸೆಲ್ಜೂಕ್ ಸುಲ್ತಾನರ ರಾಜಧಾನಿಯಾಗಿತ್ತು. ಅಲ್ಲಿನ ಅಲಾವುದ್ದೀನ್ ಮಸೀದಿಯಲ್ಲಿ 1905ರಲ್ಲಿ ಎಂಟು ಪ್ರಾಚೀನ ಗಾಲೀಚೆಗಳು ವಿದ್ವಾಂಸರ ಕಣ್ಣಿಗೆ ಬಿದ್ದವು. ಕೆಲವು ಹೆಚ್ಚುಕಡಿಮೆ ಪೂರ್ತಿಯಾಗಿದ್ದವು, ಉಳಿದವು ಬರೀ ತುಂಡುಗಳು. ಅವು 13ನೇ ಶತಮಾನದವು ಎಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಅವುಗಳ ಅಂಚಿನಲ್ಲಿ ಕೂಫಿ ಲಿಪಿಯನ್ನು ಹೋಲುವ ದಪ್ಪ ದಪ್ಪ ಆಕೃತಿಗಳಿವೆ. ನಡುವೆ ಎಂಟು ಮೂಲೆಯ ನಕ್ಷತ್ರಗಳಂಥ ಸರಳ ರೇಖಾಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಸುಮಾರು ಕಾಲು ಶತಮಾನದ ಬಳಿಕ ಬೆಯ್‌ಶೆಹಿರ್ ಎಂಬ ಊರಿನ ಎಶ್ರೆಫೋಗ್ಲು ಮಸೀದಿಯಲ್ಲೂ ಇದೇ ಬಗೆಯ ಗಾಲೀಚೆಗಳು ಪತ್ತೆಯಾದವು. ಮರದ ಕಂಬಗಳ ಆ ಮಸೀದಿಯನ್ನು ಕಟ್ಟಿದ್ದು 13ನೇ ಶತಮಾನದ ಕೊನೆಯಲ್ಲಿ.

ಈ ಕಸುಬಿನ ಹೆಸರು ಆ ಕಾಲದಲ್ಲೇ ದೂರದವರೆಗೆ ಹಬ್ಬಿತ್ತು. 14ನೇ ಶತಮಾನದಲ್ಲಿ ಅನಾತೋಲಿಯಾದಲ್ಲಿ ಸಂಚರಿಸಿದ ಇಬ್ನ್ ಬತೂತಾ, ಅಕ್ಸರಾಯ್ ಪಟ್ಟಣದಲ್ಲಿ ಕುರಿಯ ಉಣ್ಣೆಯಿಂದ ನೇಯುವ ಗಾಲೀಚೆಗಳಿಗೆ ಸಾಟಿಯಿಲ್ಲವೆಂದು ಬರೆದಿದ್ದಾರೆ. ಅವು ಸಿರಿಯಾ, ಈಜಿಪ್ಟ್, ಇರಾಕ್‌ಗಳಿಗೆ ಮಾತ್ರವಲ್ಲ, ಚೀನಾಕ್ಕೂ ನಮ್ಮ ಹಿಂದೂಸ್ತಾನಕ್ಕೂ ರಫ್ತಾಗುತ್ತಿದ್ದವೆಂದೂ ದಾಖಲಿಸಿದ್ದಾರೆ.

ಒಂದು ಗಾಲೀಚೆಯ ಹಿಂದೆ ಎಷ್ಟು ದುಡಿಮೆಯಿದೆ ಎಂಬುದನ್ನು ನಾವು ಅರಿಯಬೇಕು. ಮೊದಲು ಕುರಿಯ ಉಣ್ಣೆ ಕತ್ತರಿಸಿ, ತೊಳೆದು, ಬಾಚಿ, ಕೈಯಿಂದ ನೂಲಬೇಕು. ಆ ನೂಲನ್ನು ಪಟಿಕದ ನೀರಿನಲ್ಲಿ ಕುದಿಸಿ ಬಣ್ಣ ಹಿಡಿಯುವಂತೆ ಹದಗೊಳಿಸಬೇಕು. ಕೆಂಪು ಬಣ್ಣಕ್ಕೆ ಮಂಜಿಷ್ಠದ ಜಾತಿಯ ಗಿಡದ ಬೇರು, ನೀಲಿಗೆ ನೀಲಿಗಿಡ, ಹಳದಿಗೆ ಹೊಲದಂಚಿನ ಹೂಗಿಡಗಳು. ಹಸಿರು ಬೇಕಾದರೆ ಹಳದಿ ನೂಲನ್ನು ನೀಲಿಯಲ್ಲಿ ಮತ್ತೊಮ್ಮೆ ಅದ್ದಬೇಕು. ಇಷ್ಟಾದ ಮೇಲೆ ಮಗ್ಗದ ಕೆಲಸ. ಹಾಸಿನ ಎರಡು ಎಳೆಗಳಿಗೆ ಬಣ್ಣದ ನೂಲನ್ನು ಸುತ್ತಿ, ಎರಡೂ ತುದಿಗಳನ್ನು ನಡುವಿನಿಂದ ಹೊರಗೆಳೆದು ಕತ್ತರಿಸುತ್ತಾರೆ. ಇದೇ ತುರ್ಕಿ ಗಂಟು. ಇರಾನಿನಲ್ಲಿ ಹೆಚ್ಚಾಗಿ ಬಳಸುವ ಗಂಟಿನಲ್ಲಿ ನೂಲು ಒಂದು ಎಳೆಯನ್ನು ಮಾತ್ರ ಪೂರ್ತಿ ಸುತ್ತುತ್ತದೆ. ತುರ್ಕಿ ಗಂಟು ಎರಡನ್ನೂ ಹಿಡಿದು ಬಿಗಿಯುತ್ತದೆ. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ನೂಲು ಹಾಯಿಸಿ, ಭಾರದ ಬಾಚಣಿಗೆಯಿಂದ ಕುಟ್ಟಿ ಕೂರಿಸುತ್ತಾರೆ. ಹಳ್ಳಿಯ ಒಂದು ಸಾಧಾರಣ ಗಾಲೀಚೆಯಲ್ಲಿ ಚದರ ಮೀಟರಿಗೆ ಲಕ್ಷದ ಆಸುಪಾಸು ಗಂಟುಗಳಿರುತ್ತವೆ. ಹೆರೆಕೆಯ ರೇಷ್ಮೆ ಗಾಲೀಚೆಗಳಲ್ಲಿ ಇದು ಹತ್ತು ಲಕ್ಷವನ್ನೂ ಮುಟ್ಟುತ್ತದೆ. ಒಂದೊಂದು ಗಂಟನ್ನೂ ಬೆರಳುಗಳೇ ಹಾಕಬೇಕು.

ಹಳ್ಳಿಗಳಲ್ಲಿ ಆ ಬೆರಳುಗಳು ಬಹುಪಾಲು ಹೆಣ್ಣುಮಕ್ಕಳವು. ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಕಲಿಯುತ್ತಿದ್ದಳು. ನಕ್ಷೆ ಕಾಗದದ ಮೇಲಲ್ಲ, ನೆನಪಿನಲ್ಲಿತ್ತು. ಮದುವೆಗೆ ಮುಂಚೆ ಹೆಣ್ಣುಮಗಳು ತನ್ನ ಕೈಯಾರೆ ನೇಯ್ದ ಗಾಲೀಚೆ ಅವಳ ಜೊತೆ ಗಂಡನ ಮನೆಗೆ ಹೋಗುತ್ತಿತ್ತು. ಮಸೀದಿಗೆ ಗಾಲೀಚೆ ಕೊಡುವುದು ಹಳ್ಳಿಗಳಲ್ಲಿ ರೂಢಿಯಾಗಿತ್ತು. ಯಾರಾದರೂ ತೀರಿಕೊಂಡಾಗ ಜನಾಝದ ಮೇಲೆ ಗಾಲೀಚೆ ಅಥವಾ ಕಿಲಿಮ್ ಹೊದಿಸಿ ಒಯ್ದು, ದಫನದ ನಂತರ ಅದನ್ನು ಮೃತರ ಹೆಸರಿನಲ್ಲಿ ಮಸೀದಿಗೆ ಕೊಟ್ಟುಬಿಡುವ ಪದ್ಧತಿಯೂ ಅನೇಕ ಕಡೆ ಇತ್ತು. ಮರಣದ ನಂತರವೂ ಪುಣ್ಯ ಹರಿದುಬರುವ ಸದಕಾ ಜಾರಿಯಾದ ಬಗ್ಗೆ ಪ್ರವಾದಿ(ಸ)ಯವರು ಕಲಿಸಿದ್ದನ್ನು ಓದುಬರಹ ತಿಳಿಯದ ಆ ತಾಯಂದಿರು ಉಣ್ಣೆಯ ಗಂಟುಗಳಲ್ಲಿ ಪಾಲಿಸಿದರು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಎಂಬಂತೆ ಮಸೀದಿಗಳಲ್ಲಿ ಗಾಲೀಚೆಗಳು ಸೇರುತ್ತಾ ಹೋದವು. ವಕ್ಫ್ ಆದುದನ್ನು ಮಾರುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಹೀಗಾಗಿ ಮನೆಗಳಲ್ಲಿ ಸವೆದು ಹೋಗಿದ್ದು ಮಸೀದಿಗಳಲ್ಲಿ ಉಳಿಯಿತು.

ಉಸ್ಮಾನಿಯಾ ಕಾಲದಲ್ಲಿ ಉಶಾಕ್ ಪಟ್ಟಣ ಗಾಲೀಚೆಯ ದೊಡ್ಡ ಕೇಂದ್ರವಾಯಿತು. ಅಲ್ಲಿನ ಸರಕು ಯುರೋಪಿಗೆ ಹೋಗಿ ಶ್ರೀಮಂತರ ಮೇಜುಗಳನ್ನು ಏರಿತು. ಹೋಲ್ಬೈನ್, ಲೊಟ್ಟೊ ಮುಂತಾದ ಚಿತ್ರಕಾರರು ಅವನ್ನು ತಮ್ಮ ಚಿತ್ರಗಳಲ್ಲಿ ಬರೆದರು. ಇಂದು ಕೆಲವು ಬಗೆಯ ಗಾಲೀಚೆಗಳನ್ನು ಆ ಚಿತ್ರಕಾರರ ಹೆಸರಿನಿಂದಲೇ ಕರೆಯುತ್ತಾರೆ. ನೇಯ್ದವಳ ಹೆಸರು ಅಳಿದು, ಚಿತ್ರ ಬರೆದವನ ಹೆಸರು ಉಳಿಯಿತು. ರುಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರದೇಶದ ಇಗರ್ಜಿಗಳಲ್ಲೂ ನೂರಾರು ಅನಾತೋಲಿಯನ್ ಗಾಲೀಚೆಗಳು ಇಂದಿಗೂ ಇವೆ. ಬ್ರಾಶೋವ್ ನಗರದ ಕಪ್ಪು ಇಗರ್ಜಿಯ ಸಂಗ್ರಹ ಇದಕ್ಕೆ ಪ್ರಸಿದ್ಧ. ಅಲ್ಲಿನ ಕ್ರೈಸ್ತರು ಕೂಡಾ ತಮ್ಮ ಆರಾಧನಾಲಯಕ್ಕೆ ಬಂದ ಕಾಣಿಕೆಯನ್ನು ತಲೆಮಾರುಗಳ ಕಾಲ ಜೋಪಾನ ಮಾಡಿದ್ದಾರೆಂಬುದನ್ನು ನಾವು ಮೆಚ್ಚಲೇಬೇಕು.

ವ್ಯಾಪಾರ ಬೆಳೆದಂತೆ ಒಂದು ಪ್ರಶ್ನೆಯೂ ಎದ್ದಿತು. 1610ರಲ್ಲಿ ಸುಲ್ತಾನರ ಆಡಳಿತವು ಕುತಾಹ್ಯಾ ಪ್ರದೇಶಕ್ಕೆ ಒಂದು ಫರ್ಮಾನು ಕಳುಹಿಸಿತು. ಮಿಹ್ರಾಬ್, ಕಅಬಾದ ಚಿತ್ರ ಅಥವಾ ಬರಹ ಇರುವ ಗಾಲೀಚೆಗಳನ್ನು ಮುಸ್ಲಿಮೇತರರಿಗೆ ಮಾರಲು ನೇಯಬಾರದು ಎಂಬುದು ಅದರ ಸಾರ. ನಮಾಝ್‌ಗಾಗಿ ಮಾಡಿದ ವಸ್ತು ಬರೀ ಅಲಂಕಾರದ ಸರಕಾಗುತ್ತಿದೆ ಎಂಬ ಕಳವಳ ಅದರಲ್ಲಿ ಕಾಣುತ್ತದೆ.

19ನೇ ಶತಮಾನದ ಹೊಡೆತ ಇದಕ್ಕಿಂತ ಜೋರಾಗಿತ್ತು. ಮಂಜಿಷ್ಠದ ಬೇರಿನಲ್ಲಿರುವ ಕೆಂಪು ದ್ರವ್ಯವನ್ನು ಜರ್ಮನಿಯ ರಸಾಯನ ಶಾಸ್ತ್ರಜ್ಞರು 1868ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದರು. ಅಗ್ಗದ ಕೃತಕ ಬಣ್ಣಗಳು ಹಳ್ಳಿ ಹಳ್ಳಿಗೆ ಬಂದವು. ಆರಂಭದ ಆ ಬಣ್ಣಗಳಲ್ಲಿ ಹಲವು ಬಿಸಿಲಿಗೆ ಮಾಸುತ್ತಿದ್ದವು, ನೀರು ಬಿದ್ದರೆ ಹರಡುತ್ತಿದ್ದವು. ಎರಡು ಮೂರು ತಲೆಮಾರುಗಳಲ್ಲಿ ಗಿಡದ ಬಣ್ಣ ಕಾಯಿಸುವ ವಿದ್ಯೆಯೇ ಬಹುತೇಕ ಮರೆತುಹೋಯಿತು. ಇನ್ನೊಂದೆಡೆ ಕಾರ್ಖಾನೆಗಳು ನೂಲುವ ಕೆಲಸವನ್ನು ಕಸಿದವು. 1908ರಲ್ಲಿ ಉಶಾಕ್‌ನ ಹೆಂಗಸರು ಮತ್ತು ಮಕ್ಕಳು ನೂಲಿನ ಕಾರ್ಖಾನೆಗಳಿಗೆ ನುಗ್ಗಿ ಯಂತ್ರಗಳನ್ನು ಹಾಳುಗೆಡವಿದರು. ಮನೆಯಲ್ಲಿ ಕದಿರು ತಿರುಗಿಸಿ ಗಳಿಸುತ್ತಿದ್ದ ತುತ್ತು ಹೋಗುತ್ತದೆಂಬ ಭಯ ಅವರನ್ನು ಬೀದಿಗೆ ಇಳಿಸಿತ್ತು. ಅದೇ ವರ್ಷ ಇಝ್ಮಿರ್‌ನಲ್ಲಿ ದೊಡ್ಡ ವ್ಯಾಪಾರಿ ಮನೆತನಗಳು ಒಂದಾಗಿ ಗಾಲೀಚೆಯ ಬೃಹತ್ ಕಂಪೆನಿಯನ್ನು ಕಟ್ಟಿದವು. ಯಾವ ನಕ್ಷೆ, ಯಾವ ಬಣ್ಣ, ಎಷ್ಟು ಕೂಲಿ ಎಂಬುದನ್ನು ನೇಯುವವಳ ಬದಲು ಮಾರುಕಟ್ಟೆಯೇ ತೀರ್ಮಾನಿಸತೊಡಗಿತು.

ಇದೇ ಕಾಲದಲ್ಲಿ ಹಳೆಯ ಗಾಲೀಚೆಗಳ ಬೆಲೆ ಯುರೋಪಿನಲ್ಲಿ ಏರಿತು. ಮಸೀದಿ, ದರ್ಗಾಗಳಿಂದ ಬೆಲೆಬಾಳುವ ವಸ್ತುಗಳು ಕಳವಾಗತೊಡಗಿದವು. ಅಮಾನತ್ತಿಗೆ ಕನ್ನ ಬಿದ್ದಿತ್ತು. ಅವನ್ನು ಉಳಿಸಲೆಂದೇ 1914ರಲ್ಲಿ ಇಸ್ತಾಂಬುಲ್‌ನ ಸುಲೈಮಾನಿಯಾ ಮಸೀದಿಯ ಸಮುಚ್ಚಯದಲ್ಲಿ ಇಸ್ಲಾಮೀ ವಕ್ಫ್ ವಸ್ತುಸಂಗ್ರಹಾಲಯ ತೆರೆಯಿತು. ಕೊನ್ಯಾದ ಗಾಲೀಚೆಗಳು ಸೇರಿದ್ದು ಅಲ್ಲಿಗೇ. ಮುಂದೆ 1979ರಲ್ಲಿ ವಕ್ಫ್ ಇಲಾಖೆ ಇಸ್ತಾಂಬುಲ್‌ನಲ್ಲಿ ಗಾಲೀಚೆಗಳಿಗೆಂದೇ ಇನ್ನೊಂದು ಸಂಗ್ರಹಾಲಯ ತೆರೆದು, ನಾಡಿನ ಮಸೀದಿಗಳಿಂದ ಬಂದ ಹಳೆಯ ಹಾಸುಗಳನ್ನು ಅಲ್ಲಿ ರಕ್ಷಿಸಿತು. 13ನೇ ಶತಮಾನದ ದಿವ್ರಿಗಿ ಜಾಮಿಯಾ ಮಸೀದಿಯ ಹಾಸುಗಳೂ ಅವುಗಳಲ್ಲಿ ಸೇರಿವೆ.

ಕಳೆದುಹೋದ ವಿದ್ಯೆ ಮರಳಿ ಬಂದದ್ದೂ ಈ ಹಳೆಯ ಗಾಲೀಚೆಗಳ ಮೂಲಕವೇ. ಇಸ್ತಾಂಬುಲ್‌ನಲ್ಲಿ ಅಧ್ಯಾಪಕರಾಗಿದ್ದ ಜರ್ಮನಿಯ ಹೆರಾಲ್ಡ್ ಬೋಮರ್ ಹಳೆಯ ಗಾಲೀಚೆಗಳ ನೂಲನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಯಾವ ಬಣ್ಣ ಯಾವ ಗಿಡದ್ದೆಂದು ಕಂಡುಹಿಡಿದರು. ಅವರೂ ಮರ್ಮರಾ ವಿಶ್ವವಿದ್ಯಾನಿಲಯವೂ ಕೂಡಿ 1981ರಲ್ಲಿ ಆಯ್ವಜಿಕ್ ಸುತ್ತಲಿನ ಹಳ್ಳಿಗಳಲ್ಲಿ ದೊಬಾಗ್ ಎಂಬ ಯೋಜನೆ ಆರಂಭಿಸಿದರು. ಹಳ್ಳಿಗರು ಮತ್ತೆ ಬೇರು, ಎಲೆ, ಹೂಗಳಿಂದ ಬಣ್ಣ ಕಾಯಿಸಿದರು. ನಂತರ ಮನಿಸಾ ಪ್ರಾಂತ್ಯದ ಯುಂತ್ ಬೆಟ್ಟಗಳ ಹಳ್ಳಿಗಳಲ್ಲಿ ಮಹಿಳೆಯರದೇ ಸಹಕಾರ ಸಂಘ ನಿಂತಿತು. ಪೂರ್ವಿಕರು ಕೊಟ್ಟದ್ದನ್ನು ಮಸೀದಿಗಳು ಉಳಿಸದಿದ್ದರೆ, ಯಾವ ನೂಲನ್ನು ಪರೀಕ್ಷಿಸಿ ಈ ಬಣ್ಣಗಳನ್ನು ಮರಳಿ ಪಡೆಯುತ್ತಿದ್ದರು?

ಹಾಸು ಎಷ್ಟೇ ಸುಂದರವಾಗಿದ್ದರೂ ಅದು ನಮಾಝ್‌ಗೆ ಸಾಧನವೇ ಹೊರತು ಗುರಿಯಲ್ಲ. ಪ್ರವಾದಿ(ಸ)ಯವರು ಖರ್ಜೂರದ ಗರಿಯ ಚಾಪೆಯ ಮೇಲೂ ನಮಾಝ್ ಮಾಡಿದ್ದರು. ಚಿತ್ತಾರದ ಒಂದು ಹೊದಿಕೆ ನಮಾಝ್‌ನಲ್ಲಿ ತಮ್ಮ ಗಮನ ಸೆಳೆಯಿತೆಂದು ಅದನ್ನು ಮರಳಿಸಿದ ಪ್ರಸಂಗವೂ ಹದೀಸ್‌ನಲ್ಲಿದೆ. ಆದ್ದರಿಂದ ನಮ್ಮ ಮಸೀದಿಗಳಿಗೆ ಬೆಲೆಬಾಳುವ ಗಾಲೀಚೆ ಬೇಕೆಂದು ನಾವು ಹೇಳುತ್ತಿಲ್ಲ. ಕೊಟ್ಟವರ ನಿಯ್ಯತ್ತಿಗೆ ಬೆಲೆ ಕೊಡೋಣ ಎನ್ನುತ್ತಿದ್ದೇವೆ. ಮಸೀದಿಗೆ ಬಂದ ಚಾಪೆ, ಜಮಖಾನ, ದೀಪ, ಕುರ್‌ಆನಿನ ಹಳೆಯ ಪ್ರತಿ, ಯಾವುದೇ ಇರಲಿ, ಕೊಟ್ಟವರ ಹೆಸರು, ವರ್ಷದೊಂದಿಗೆ ಜಮಾಅತಿನ ದಫ್ತರದಲ್ಲಿ ದಾಖಲಾಗಲಿ. ಹೊಸದು ಹಾಸುವ ಮುನ್ನ ಹಳೆಯದನ್ನು ಏನು ಮಾಡಬೇಕೆಂದು ಉಲಮಾಗಳನ್ನೂ ತಿಳಿದವರನ್ನೂ ಕೇಳೋಣ. ಕೊನ್ಯಾದ ಗಾಲೀಚೆ ನೇಯ್ದವಳ ಹೆಸರು ಇಂದು ಯಾವ ದಫ್ತರದಲ್ಲೂ ಇಲ್ಲ. ಅಲ್ಲಾಹನ ಬಳಿ ಅದು ಖಂಡಿತ ಇದೆ. ನಮ್ಮ ತಾಯಂದಿರು ಕೊಟ್ಟದ್ದರ ಲೆಕ್ಕವಾದರೂ ನಮ್ಮ ಬಳಿ ಇರಲಿ.